ಬಣ್ಣದ ಮಾವನ ಗರಿಗರಿ ಕೋಳಿ

ಭಾನುವಾರ, ಮಧ್ಯಾಹ್ನದ ಊಟ ಮುಗಿದ ಮೇಲೆ

ನನ್ನ ಮುದ್ದು ಮೇಸ್ತ್ರಿಗೆ,

ನಿನ್ನ ಬಣ್ಣದ ಮಾವ ಗಟ್ಟಿಮುಟ್ಟಾಗಿದ್ದಾನೆ. ಎಡ ಮೊಣಕಾಲು ಮಾತ್ರ ಏಣಿ ಕಂಡರೆ ತಕರಾರು ತೆಗೆಯುತ್ತದೆ, ನೆಲದ ಮೇಲೆ ಹೇಳಿದ ಹಾಗೆ ಕೇಳುತ್ತದೆ. ನೀವೆಲ್ಲ ಚೆನ್ನಾಗಿದ್ದೀರಿ ಎಂದು ನಂಬಿದ್ದೇನೆ ಅಂತ ಬರೆಯೋಣವೆಂದರೆ, ಚೆನ್ನಾಗಿಲ್ಲ ಎಂದು ನೀನೇ ಮೊಬೈಲಿನಲ್ಲಿ ಮಾರುದ್ದ ಬರೆದು ಕಳಿಸಿದ್ದೀಯ.

ಅದನ್ನು ಓದಿದೆ. ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ಓದಿದೆ. ಉತ್ತರವನ್ನೂ ಮೊಬೈಲಿನಲ್ಲೇ ಕುಟ್ಟೋಣ ಎಂದು ಕೂತರೆ ನನ್ನ ಬೆರಳು ಒಂದು ಅಕ್ಷರ ಒತ್ತಿದರೆ ಅಕ್ಕಪಕ್ಕದ ಅಕ್ಷರಗಳೆಲ್ಲ ಎದ್ದು ಬರುತ್ತವೆ. ಜೀವಮಾನವೆಲ್ಲ ಬ್ರಶ್ಶು ಹಿಡಿದ ಬೆರಳು ಇವು, ಅಷ್ಟು ಸಣ್ಣ ಜಾಗದಲ್ಲಿ ಇವಕ್ಕೆ ಉಸಿರು ಕಟ್ಟುತ್ತದೆ. ಫೋನು ಮಾಡಿದರೆ ನೀನು ನನ್ನನ್ನು ಮಾತಾಡಲು ಬಿಡುವುದಿಲ್ಲ, ಮಾವ, ವಿಷಯಕ್ಕೆ ಬಾ, ವಿಷಯಕ್ಕೆ ಬಾ ಅಂತ ಬೆನ್ನು ಹತ್ತುತ್ತೀಯ. ಕಾಗದದಲ್ಲಿ ಆ ಕಾಟವಿಲ್ಲ. ಅಲ್ಲದೆ ನನ್ನ ಅಕ್ಷರ ಎಂಥದ್ದು! ನಮ್ಮೂರ ಶಾಲೆಯಲ್ಲಿ ಇನ್‌ಸ್ಪೆಕ್ಟರು ಬರುವ ದಿನ ಬೋರ್ಡಿನ ಮೇಲೆ ಬರೆಯಲು ಮೇಷ್ಟ್ರು ನನ್ನನ್ನೇ ಕರೆಯುತ್ತಿದ್ದರು. ಏಳನೇ ಕ್ಲಾಸಿಗೆ ನಾನು ಶಾಲೆ ಬಿಟ್ಟಾಗ ಬೋರ್ಡು ಬೋಳಾಯಿತು ಎಂದು ಮೇಷ್ಟ್ರು ಕೊರಗಿದರಂತೆ. ಇದನ್ನು ನಿನಗೆ ಮೊದಲೂ ಹೇಳಿದ್ದೇನೆ, ಗೊತ್ತು. ಇನ್ನೊಮ್ಮೆ ಕೇಳಿದರೆ ನಿನ್ನ ಗಂಟೇನೂ ಹೋಗುವುದಿಲ್ಲ.

ಸರಿ, ವಿಷಯಕ್ಕೆ ಬಂದೆ. ಚಿಕನ್ ಟೆಂಡರನ್ನು ಮನೆಯಲ್ಲೇ ಗರಿಗರಿಯಾಗಿ ಕರಿಯುವುದು ಹೇಗೆ ಎಂದು ಕೇಳಿದ್ದೀಯ. ಟೆಂಡರ್ ಎಂದರೆ ನಾನು ಕಂಡದ್ದು ಸರ್ಕಾರಿ ಕಟ್ಟಡಕ್ಕೆ ಬಣ್ಣ ಹೊಡೆಸಲು ಕರೆಯುತ್ತಾರಲ್ಲ, ಅದೊಂದೇ. ಇವಳು ಯಾವ ಕಟ್ಟಡ ಹಿಡಿದಳಪ್ಪ ಎಂದು ತಲೆ ಕೆರೆದುಕೊಂಡೆ. ನೀನು ಕಳಿಸಿದ ಫೋಟೋ ನೋಡಿದ ಮೇಲೆ ಗೊತ್ತಾಯಿತು, ಅಯ್ಯೋ, ಇದು ನಮ್ಮ ಬೆರಳುಕೋಳಿ! ಹೊಸ ಹೆಸರಿಟ್ಟುಕೊಂಡು ಬಂದಿದೆ ಅಷ್ಟೇ.

ಆದರೆ ಏನು ಗತಿ ತಂದಿದ್ದೀಯೇ ಅದಕ್ಕೆ! ಹೊದಿಕೆಯೆಲ್ಲ ಚಿಪ್ಪಿನ ಹಾಗೆ ಬಿಟ್ಟುಕೊಂಡು ತಟ್ಟೆಯ ಒಂದು ಕಡೆ, ಕೋಳಿ ಸ್ನಾನಕ್ಕೆ ನಿಂತ ಹಾಗೆ ಬರಿಮೈಯಲ್ಲಿ ಇನ್ನೊಂದು ಕಡೆ. ಮಾಡಿದಾಗಲೆಲ್ಲ ಹೀಗೇ ಆಯಿತು, ಆ ಹುಡುಗಿ ಫೋರ್ಕಿನಿಂದ ಹೊದಿಕೆಯನ್ನು ಮೆಲ್ಲಗೆ ಎತ್ತಿ ಪಕ್ಕಕ್ಕಿಟ್ಟು, ಅಂಗಡೀದೇ ಚೆನ್ನಾಗಿರತ್ತೆ ಅಂತ ಹೇಳಿ ಎದ್ದು ತನ್ನ ರೂಮಿಗೆ ಹೋದಳು ಎಂದು ಬರೆದಿದ್ದೀಯ. ಮದುವೆಯಾಗಿ ಹೋದ ಮನೆಯಲ್ಲಿ ಮೊದಲೇ ಒಬ್ಬ ಮಗಳಿದ್ದಾಳೆ, ಹೆತ್ತ ತಾಯಿಯನ್ನು ಕಳೆದುಕೊಂಡವಳು, ಅವಳ ಮುಖದಲ್ಲಿ ಒಂದು ನಗು ತರಿಸುವುದರೊಳಗೆ ನನ್ನ ಹಲ್ಲು ಉದುರುತ್ತವೆ ಮಾವ ಎಂದು ನೀನು ಹೋದ ವರ್ಷವೇ ಅಂದಿದ್ದೆ. ಆಗ ನಗುತ್ತ ಅಂದಿದ್ದೆ. ಈ ಸಲ ನಗು ಕಾಣಿಸಲಿಲ್ಲ.

ಕಡೆಯ ಸಾಲಂತೂ ನನಗೆ ಹಿಡಿಸಲಿಲ್ಲ. ಪರೀಕ್ಷೆ ಮುಗಿದ ಕೂಡಲೇ ಅವಳನ್ನು ಅವಳ ಅಜ್ಜಿಯ ಮನೆಗೆ ಕಳಿಸಿಬಿಡೋಣ ಎಂದು ಇವರಿಗೆ ನಾನೇ ಹೇಳುತ್ತೇನೆ, ಅಲ್ಲಾದರೂ ಹೊಟ್ಟೆ ತುಂಬ ಉಣ್ಣಲಿ, ಎಂದು ಬರೆದಿದ್ದೀಯ. ನಮ್ಮ ಅಳಿಯಂದಿರು ಕನ್ನಡಕದ ಅಂಗಡಿ ಇಟ್ಟುಕೊಂಡಿದ್ದರೂ ಮನೆಯೊಳಗಿನದು ಅವರಿಗೆ ಅಷ್ಟಾಗಿ ಕಾಣುವುದಿಲ್ಲ. ನೀನು ಹೇಳಿದರೆ ಹೂಂ ಅಂದುಬಿಡುತ್ತಾರೆ. ಅದಕ್ಕೇ ಊಟ ಮುಗಿಸಿ ಕೈ ತೊಳೆದವನು ಮಲಗದೆ ಬರೆಯಲು ಕೂತಿದ್ದೇನೆ. ಈ ಕಾಗದವನ್ನು ಕಡೆಯ ಸಾಲಿನ ತನಕ ಓದಿ ಮುಗಿಸುವವರೆಗೆ ಆ ಮಾತು ಬಾಯಿಂದ ಆಚೆ ಬರಕೂಡದು. ಇದು ಮಾವನ ಆಜ್ಞೆ. ಮಾವನ ಆಜ್ಞೆಯನ್ನು ನೀನು ಯಾವತ್ತೂ ಪಾಲಿಸಿದವಳಲ್ಲ, ಇದೊಂದನ್ನು ಪಾಲಿಸು.

ಈಗ ಕೇಳು. ಕೋಳಿ ಕರಿಯುವುದರಲ್ಲಿ ನನ್ನನ್ನು ಮೀರಿಸಿದವರು ಈ ಸುತ್ತಿನಲ್ಲಿ ಇನ್ನೂ ಹುಟ್ಟಿಲ್ಲ. ನಾನು ಕರಿಯುತ್ತಿದ್ದರೆ ಬೀದಿಯ ಬಸ್ಸುಗಳು ನಿಲ್ದಾಣವಿಲ್ಲದ ಕಡೆ ನಿಲ್ಲುತ್ತಿದ್ದವು. ನಿಂತದ್ದು ಎದುರಿಗೆ ಬಸ್ ರಿಪೇರಿ ಷೆಡ್ಡು ಇದ್ದುದಕ್ಕೆ ಎಂದು ನೀನು ಹೇಳುತ್ತೀಯ, ಇರಲಿ, ನಿಂತದ್ದಂತೂ ನಿಜ ತಾನೆ?

ಆ ರೂಮು ನಿನಗೆ ಎಷ್ಟು ನೆನಪಿದೆಯೋ. ಹಾರ್ಡ್‌ವೇರ್ ಅಂಗಡಿಯ ಮೇಲಿನ ಒಂಟಿ ಕೋಣೆ. ಮೆಟ್ಟಿಲು ಹತ್ತುವಾಗಲೇ ಟರ್ಪೆಂಟೈನ್ ವಾಸನೆ ಬಂದು ಬಾಗಿಲಿಗೆ ದಾರಿ ತೋರಿಸುತ್ತಿತ್ತು. ಒಂದು ಮಂಚ, ಗೋಡೆಗೆ ಒರಗಿಸಿದ ಎರಡು ಏಣಿ, ಕಿಟಕಿಯ ಪಕ್ಕ ಸ್ಟೌ. ಬೇರೆ ಬೇರೆ ಮನೆಗಳಲ್ಲಿ ಉಳಿದ ಬಣ್ಣ ತಂದು ಹೊಡೆದದ್ದರಿಂದ ನಾಲ್ಕು ಗೋಡೆಗೆ ನಾಲ್ಕು ಬಣ್ಣ. ನಿಮ್ಮಪ್ಪನನ್ನು ನೀನು ಫೋಟೋದಲ್ಲಿ ಮಾತ್ರ ನೋಡಿದವಳು. ನನ್ನ ಅಕ್ಕ, ನಿನ್ನ ಅಮ್ಮನೂ ಆಸ್ಪತ್ರೆಯಿಂದ ವಾಪಸು ಬರಲಿಲ್ಲ. ಎರಡು ಜಡೆ, ಒಂದು ಶಾಲೆಯ ಚೀಲ, ಅಷ್ಟರೊಂದಿಗೆ ನೀನು ಆ ಮೆಟ್ಟಿಲು ಹತ್ತಿ ಬಂದೆ. ಗೋಡೆಗಳನ್ನು ನೋಡಿದೆ, ನನ್ನನ್ನು ನೋಡಿದೆ, ಹೋಗಿ ಕಿಟಕಿಯ ಹತ್ತಿರ ಕೂತೆ. ಆಮೇಲೆ ಎಷ್ಟೋ ದಿನ ಎದ್ದೇ ಇಲ್ಲ ಅನ್ನಬೇಕು.

ಉಣ್ಣುತ್ತಿರಲಿಲ್ಲ. ಬ್ರೆಡ್ಡು ಕೊಟ್ಟರೆ ಅಂಚು ಕಿತ್ತು ಇಡುತ್ತಿದ್ದೆ, ಹಾಲು ಕೊಟ್ಟರೆ ಕೆನೆ ಕಟ್ಟುವ ತನಕ ನೋಡುತ್ತಿದ್ದೆ. ನಾನೋ, ಮಾತಿನಲ್ಲಿ ಊರನ್ನೇ ಕಟ್ಟುವವನು, ನಿನ್ನ ಮುಂದೆ ಮಂಗನ ಕುಣಿತ ಒಂದನ್ನು ಬಿಟ್ಟು ಎಲ್ಲ ಮಾಡಿದೆ. ಅದನ್ನೂ ಒಂದು ಸಲ ಮಾಡಿದೆ, ಕೆಳಗಿನ ಅಂಗಡಿಯವರು ಸೂರು ಬೀಳುತ್ತದೆ ಎಂದು ಕೂಗಿದರು. ನಿನ್ನ ಕಣ್ಣು ಮಾತ್ರ ಎದುರು ಬೀದಿಯ ಕೋಳಿ ಅಂಗಡಿಯ ಮೇಲೆ. ನೆನಪಿದೆಯಾ ಅದರ ಬೋರ್ಡು? ಬಾಣಸಿಗನ ಬಿಳಿ ಟೋಪಿ ಹಾಕಿಕೊಂಡ ಹುಂಜವೊಂದು ತನ್ನ ಬಳಗವನ್ನೇ ತಿನ್ನಿ ಬನ್ನಿ ಎಂದು ಜನರನ್ನು ಕರೆಯುತ್ತಿತ್ತು, ನಿರ್ಲಜ್ಜ ಹುಂಜ. ಒಂದು ಸಂಜೆ ನಿನ್ನ ಕೈ ಹಿಡಿದು ಅಲ್ಲಿಗೆ ಕರೆದುಕೊಂಡು ಹೋದೆ. ಬೆರಳಿನ ಹಾಗೆ ಉದ್ದುದ್ದ ಕರಿದ ಕೋಳಿ ತಂದಿಟ್ಟರು. ನೀನು ತಿಂದೆ. ಒಂದೂ ಮಾತಾಡದೆ ತಟ್ಟೆ ಖಾಲಿ ಮಾಡಿದೆ. ನಾನು ಎದುರಿಗೆ ಕೂತು ನಿನ್ನ ದವಡೆ ಆಡುವುದನ್ನು ಸಿನಿಮಾ ನೋಡಿದ ಹಾಗೆ ನೋಡಿದೆ. ಅಲ್ಲಿಂದ ಮುಂದೆ ದಿನಾ ಸಂಜೆ ಅದೇ ಮೇಜು, ಅದೇ ತಟ್ಟೆ. ಹುಂಜಕ್ಕೆ ಮನಸ್ಸಿನಲ್ಲೇ ಕೈ ಮುಗಿದೆ.

ಅಷ್ಟರಲ್ಲಿ ನನ್ನ ಹಣೆಬರಹ ನೋಡು, ಆ ಅಂಗಡಿಯವರು ಗೋಡೆಗಳಿಗೆಲ್ಲ ಹೊಸದಾಗಿ ಬಣ್ಣ ಹೊಡೆಸಲು ಹೊರಟರು. ಈ ಬೀದಿಯಲ್ಲಿ ಬಣ್ಣಕ್ಕೆ ಯಾರನ್ನು ಕರೆಯುತ್ತಾರೆ? ನನ್ನನ್ನೇ. ಬೇಡ ಎನ್ನುವುದು ನನ್ನ ಜಾಯಮಾನದಲ್ಲಿಲ್ಲ. ಒಲೆ ಆರಿಸಿ, ಮೇಜುಗಳಿಗೆ ಬಟ್ಟೆ ಹೊದಿಸಿ, ಷಟರು ಅರ್ಧ ಎಳೆದು ಏಣಿ ಹತ್ತಿದ ಮೇಲೆ ತಲೆಗೆ ಹೊಳೆಯಿತು, ನನ್ನ ಮಗು ತಿನ್ನುತ್ತಿದ್ದ ಒಂದೇ ಜಾಗವನ್ನು ನನ್ನ ಕೈಯಾರೆ ಮುಚ್ಚಿಸಿ ಕೂತಿದ್ದೇನೆ ಎಂದು. ಏಣಿ ಇಳಿದು ಅಲ್ಲಿನ ಬಾಣಸಿಗನನ್ನು ಹುಡುಕಿ ಹಿಡಿದೆ. ಗೋಡೆಗೆ ಒಂದು ಕೋಟು ಜಾಸ್ತಿನೇ ಹೊಡೀತೀನಿ ಮಾರಾಯ, ಹೇಗ್ ಮಾಡ್ತೀಯ ಹೇಳು ಅಂದೆ. ಹೋಗಯ್ಯ, ಅದು ಅಂಗಡಿ ಗುಟ್ಟು, ಹೆಂಡತಿಗೇ ಹೇಳಿಲ್ಲ ಅಂದ. ನಿನ್ನ ಹತ್ತಿರ ಬಂದು ಏನು ಹೇಳಿದೆ ಗೊತ್ತಾ? ಎಲ್ಲಾ ಕಲ್ತ್ಕೊಂಡ್ ಬಂದಿದೀನಿ ಪುಟ್ಟಾ, ಇವತ್ತು ನೋಡು ನಿಮ್ಮಾವನ ಕೈಚಳಕ, ಅಂತ. ಬಾಯಿಂದ ಬಂದುಹೋಯಿತು, ಏನು ಮಾಡಲಿ.

ಆ ಮೊದಲನೇ ದಿನದ ಕೋಳಿಯ ಕಥೆ ಹೇಳಿದರೆ ಈಗಲೂ ಹೊಟ್ಟೆ ಹಿಡಿದುಕೊಳ್ಳಬೇಕು. ನೀರಿನಲ್ಲಿ ತೊಳೆದ ಕೋಳಿಯನ್ನು ಹಾಗೇ ತೊಟ್ಟಿಕ್ಕುತ್ತಿರುವಂತೆಯೇ ಮೈದಾದಲ್ಲಿ ಹೊರಳಿಸಿದೆ. ಹಿಡಿಯಲಿಲ್ಲ. ಇನ್ನಷ್ಟು ಮೆತ್ತಿದೆ. ಬಿರುಕು ಬಿಟ್ಟ ಗೋಡೆಗೆ ಪುಟ್ಟಿ ತುಂಬುವ ಹಾಗೆ ಕೈಯಿಂದ ಒತ್ತಿ ಒತ್ತಿ ತುಂಬಿದೆ. ಎಣ್ಣೆಗೆ ಬಿಟ್ಟೊಡನೆ ಹೊದಿಕೆ ಒಂದು ದಿಕ್ಕಿಗೆ, ಕೋಳಿ ಒಂದು ದಿಕ್ಕಿಗೆ. ಥೇಟ್ ನಿನ್ನ ಫೋಟೋದಲ್ಲಿದ್ದ ಹಾಗೇ! ತಟ್ಟೆಯಲ್ಲಿ ಹಾಕಿ ತಂದು, ಅಂಗಡೀದಕ್ಕಿಂತ ಚೆನ್ನಾಗಿದೆ ತಿನ್ನು ಅಂದೆ, ನಾಚಿಕೆ ಇಲ್ಲದೆ. ನೀನು ಆ ಚಿಪ್ಪನ್ನು ಎರಡು ಬೆರಳಿನಲ್ಲಿ ಎತ್ತಿ ಬೆಳಕಿಗೆ ಹಿಡಿದು ನೋಡಿದೆ. ಹಿಂದು ಮುಂದು ತಿರುಗಿಸಿದೆ. ಶಾಲೆ ಬಿಟ್ಟ ಮೇಲೆ ನಾನು ಕೆಲಸ ಮಾಡುವ ಕಡೆಯಲ್ಲೇ ಬಂದು ಕೂರುತ್ತಿದ್ದೆಯಲ್ಲ, ಅಲ್ಲಿ ಏನು ನೋಡಿದ್ದೆಯೋ, ಏನು ಕೇಳಿಸಿಕೊಂಡಿದ್ದೆಯೋ. ನನ್ನ ಮುಖ ನೋಡಿ ಅಂದೆ: ಮಾವ, ಒದ್ದೆ ಗೋಡೆಗೆ ಹೊಡ್ದಿದೀಯ. ಪ್ರೈಮರೂ ಇಲ್ಲ.

ನೀನು ಆ ಮನೆಗೆ ಬಂದ ಮೇಲೆ ಹೂಂ, ಉಹೂಂ ಬಿಟ್ಟು ಆಡಿದ ಮೊದಲನೇ ಮಾತು ಅದು. ಅವತ್ತು ನಾನು ಈರುಳ್ಳಿ ಹೆಚ್ಚಿರಲಿಲ್ಲ, ಆದರೂ ಕಣ್ಣು ಉರಿಯಿತು. ಎಣ್ಣೆಯ ಹೊಗೆ ಇರಬೇಕು.

ಹಾಗಾದ್ರೆ ನೀನೇ ಹೇಳಮ್ಮ ಮೇಸ್ತ್ರಿ, ಏನ್ ಮಾಡ್ಲಿ ಅಂದೆ. ಖಾಲಿ ಪೇಂಟಿನ ಡ್ರಮ್ಮು ಬೋರಲು ಹಾಕಿ ಸ್ಟೌ ಪಕ್ಕ ಕೂರಿಸಿದೆ. ಅದೇ ನಿನ್ನ ಸಿಂಹಾಸನ. ಕಾಲು ನೆಲಕ್ಕೆ ಎಟುಕುತ್ತಿರಲಿಲ್ಲ, ಹಿಮ್ಮಡಿಯಿಂದ ಡ್ರಮ್ಮು ಬಡಿಯುತ್ತಾ ಅಪ್ಪಣೆ ಕೊಡುತ್ತಿದ್ದೆ. ಮೇಸ್ತ್ರಿ ಕೈಗೆ ಹಿಟ್ಟು ಮೆತ್ತಿಕೊಳ್ಳುವುದುಂಟೆ? ಮೆತ್ತಿಕೊಂಡದ್ದೆಲ್ಲ ನಾನು. ಅದಕ್ಕೇ ಈಗ ನಿನಗೆ ಕೈ ಬರುತ್ತಿಲ್ಲ, ಅಪ್ಪಣೆ ಕೊಟ್ಟ ಬಾಯಿಗೆ ನೆನಪಿದೆ, ಕೈಗಿಲ್ಲ. ನೀನೇ ಕಂಡುಹಿಡಿದದ್ದನ್ನು ನೀನೇ ಮರೆತು ನನ್ನನ್ನು ಕೇಳುತ್ತಿದ್ದೀಯ. ಬೀದಿಯವರಿಗೆಲ್ಲ ಅದು ನನ್ನ ಕೈಗುಣ ಎಂದೇ ಹೇಳಿಕೊಂಡು ಬಂದಿದ್ದೇನೆ, ನೀನು ಬಂದಾಗ ಬಾಯಿ ಬಿಟ್ಟು ನನ್ನ ಮಾನ ಕಳೆಯಬೇಡ.

ಈಗ ಒಂದು ಕಡೆ ಬರೆದುಕೊ. ಕೋಳಿಯ ಎದೆಯ ಮಾಂಸದ ಅಡಿಯಲ್ಲಿ ಕಿರುಬೆರಳಿಗಿಂತ ದಪ್ಪಗೆ ಒಂದು ಪಟ್ಟಿ ಇರುತ್ತದೆ, ಬಲು ಮೆತ್ತಗೆ, ಅದೇ ನಿನ್ನ ಟೆಂಡರು. ಅದರ ತುದಿಯಲ್ಲಿ ಬಿಳಿಯ ನರ ಇಣುಕುತ್ತದೆ. ಬಟ್ಟೆಯಲ್ಲಿ ಹಿಡಿದು ಎಳೆ, ಬರುತ್ತದೆ. ಬರದಿದ್ದರೆ ಬಿಡು, ಅದರ ಜೊತೆ ಕುಸ್ತಿ ಬೇಡ. ಪಟ್ಟಿ ಸಿಗದಿದ್ದರೆ ಎದೆಯ ಮಾಂಸವನ್ನೇ ಉದ್ದಕ್ಕೆ ಸೀಳು. ಮಜ್ಜಿಗೆ ಗಟ್ಟಿಯಾಗಿರಲಿ, ಉಪ್ಪು, ಜಜ್ಜಿದ ಬೆಳ್ಳುಳ್ಳಿ, ಕಾಳುಮೆಣಸಿನ ಪುಡಿ, ಸ್ವಲ್ಪ ಖಾರದ ಪುಡಿ ಕಲಸಿ ಬೆಳಗ್ಗೆ ನೆನೆಹಾಕಿದರೆ ಸಂಜೆಗೆ ಮಾಂಸ ನೀನು ಹೇಳಿದ ಹಾಗೆ ಕೇಳುತ್ತದೆ. ಉಪ್ಪನ್ನು ಅಲ್ಲೇ ಹಾಕು. ಹಿಟ್ಟಿಗೆ ಮಾತ್ರ ಉಪ್ಪು ಹಾಕಿ ಒಳಗೆ ಸಪ್ಪೆ ಬಿಡುವವರು ಮುಂಬಾಗಿಲಿಗೆ ಬಣ್ಣ ಹೊಡೆದು ಹಿತ್ತಿಲು ಬಿಡುವ ಜಾತಿ.

ಮುಖ್ಯವಾದದ್ದು ಈಗ ಬರುತ್ತದೆ. ಮಜ್ಜಿಗೆಯಿಂದ ತೆಗೆದದ್ದನ್ನು ಒರೆಸಬೇಕು. ಒಣ ಬಟ್ಟೆಯಲ್ಲಿ ಒಂದೊಂದನ್ನೂ ಒತ್ತಿ ಒರೆಸು, ಮಗುವಿನ ತಲೆ ಒರೆಸಿದ ಹಾಗೆ. ನೀನು ತಪ್ಪುತ್ತಿರುವುದು ಇಲ್ಲೇ, ಕಣ್ಣಾರೆ ನೋಡದಿದ್ದರೂ ಬರೆದು ಕೊಡುತ್ತೇನೆ. ತೇವ ಒಳಗೆ ಕೂತರೆ ಯಾವ ಹೊದಿಕೆಯೂ ನಿಲ್ಲುವುದಿಲ್ಲ, ಗೋಡೆಗೂ ಅಷ್ಟೇ, ಕೋಳಿಗೂ ಅಷ್ಟೇ. ಒರೆಸಿದ ಮೇಲೆ ಬರೀ ಮೈದಾದಲ್ಲಿ ತೆಳ್ಳಗೆ ಹೊರಳಿಸಿ ಕೊಡವು, ಅದು ಪ್ರೈಮರು, ಮೇಲಿನದು ಹಿಡಿಯಲೆಂದು ಬಳಿಯುವ ಅಡಿಕೋಟು. ಆಮೇಲೆ ಮೊಟ್ಟೆಯನ್ನು ಎರಡು ಚಮಚ ಮಜ್ಜಿಗೆಯ ಜೊತೆ ಕಡೆದು ಅದರಲ್ಲಿ ಅದ್ದು. ಆಮೇಲೆ ಎರಡನೇ ಕೋಟು, ಮೈದಾಗೆ ಕಾಲುಭಾಗ ಕಾರ್ನ್‌ಫ್ಲೋರ್ ಬೆರೆಸಿದ್ದು. ಅದರಲ್ಲಿ ಒತ್ತಿ ಹೊರಳಿಸು. ಒಂದು ಕೈ ಒಣ ಹಿಟ್ಟಿಗೆ, ಒಂದು ಕೈ ಒದ್ದೆಗೆ. ಎರಡನ್ನೂ ಬೆರೆಸಿದೆಯೋ, ನಿನ್ನ ಬೆರಳನ್ನೇ ಕರಿಯಬೇಕಾಗುತ್ತದೆ. ಎಲ್ಲ ಆದ ಮೇಲೆ ತಟ್ಟೆಯಲ್ಲಿ ಬಿಡಿಬಿಡಿಯಾಗಿ ಇಟ್ಟು ಸುಮ್ಮನೆ ಬಿಡು. ಮುಟ್ಟಬೇಡ, ನೋಡಬೇಡ, ಟೀ ಕುಡಿ. ಕೋಟು ಹಿಡಿಯುವುದಕ್ಕೆ ಪುರಸೊತ್ತು ಕೊಡಬೇಕು. ಹೊಡೆದ ಕೂಡಲೇ ಒಣಗಿತೇ ಎಂದು ಬೆರಳು ಒತ್ತಿ ನೋಡುವ ಮನೆ ಯಜಮಾನರನ್ನು ಕಂಡರೆ ನನಗೆ ಆಗುತ್ತಿರಲಿಲ್ಲ, ಅವರ ಬೆರಳ ಗುರುತುಗಳು ಈಗಲೂ ಊರಿನ ಎಷ್ಟೋ ಬಾಗಿಲುಗಳ ಮೇಲೆ ಇವೆ.

ಎಣ್ಣೆ ಹದವಾಗಿ ಕಾಯಲಿ. ಒಂದು ಚಿಟಿಕೆ ಹಿಟ್ಟು ಹಾಕಿದರೆ ಚುರ್ ಎಂದು ಮೇಲೆ ಬರಬೇಕು, ಕಪ್ಪಗಾಗಬಾರದು. ಬಾಣಲೆಯಲ್ಲಿ ನೂಕುನುಗ್ಗಲು ಮಾಡಬೇಡ, ನಾಲ್ಕೋ ಐದೋ ಹಾಯಾಗಿ ಈಜಾಡಲಿ. ಹಾಕಿದ ಕೂಡಲೇ ಸೌಟು ಆಡಿಸಬೇಡ, ಹೊಂಬಣ್ಣ ಬಂದ ಮೇಲೆ ತೆಗೆ. ತೆಗೆದದ್ದನ್ನು ಕಾಗದದ ಮೇಲೆ ಹರಡಿದರೆ ಅಡಿಯಲ್ಲಿ ಬೆವರಿ ಮೆತ್ತಗಾಗುತ್ತದೆ, ತಂತಿ ಜಾಲರಿಯ ಮೇಲಿಡು, ಕೆಳಗೂ ಗಾಳಿ ಆಡಲಿ.

ಇಷ್ಟು ಬರೆದೆ. ಆದರೆ ಮೇಸ್ತ್ರಿ, ಇಷ್ಟನ್ನೂ ಚಾಚೂ ತಪ್ಪದೆ ಮಾಡಿದರೂ ಆ ಹುಡುಗಿ ಎದ್ದು ರೂಮಿಗೆ ಹೋಗಬಹುದು. ಅದನ್ನು ಹೇಳದೆ ಕಾಗದ ಮುಗಿಸಿದರೆ ನಾನು ನಿನ್ನ ಮಾವನೇ ಅಲ್ಲ.

ನಿನ್ನ ದೊಡ್ಡಮ್ಮ ಬಂದ ಭಾನುವಾರ ನಿನಗೆ ನೆನಪಿದೆಯೇ? ನನ್ನ ದೊಡ್ಡಕ್ಕ, ಶಾಲೆಯ ಹೆಡ್‌ಮಿಸ್ಟ್ರೆಸ್ಸು, ಅವಳು ಬಂದರೆ ಕುರ್ಚಿ ಕೂಡ ನೆಟ್ಟಗೆ ಕೂರುತ್ತಿತ್ತು. ಬಾಗಿಲಲ್ಲಿ ನಿಂತು ಏಣಿ ನೋಡಿದಳು, ಡಬ್ಬಗಳನ್ನು ನೋಡಿದಳು, ನಿನ್ನ ಯೂನಿಫಾರ್ಮಿನ ಕಾಲರಿಗೆ ಹತ್ತಿದ್ದ ನೀಲಿ ಪೇಂಟನ್ನು ನೋಡಿದಳು. ಲೇ, ಹೆಣ್ಣುಮಗು ಬೆಳೆಯೋ ಜಾಗನೇನೋ ಇದು? ಬೆಂಕಿ ಕಡ್ಡಿ ಗೀರಿದ್ರೆ ಮನೆಯೆಲ್ಲ ಹತ್ಕೊಳತ್ತೆ! ನಾನ್ ಕರ್ಕೊಂಡ್ ಹೋಗ್ತೀನಿ, ಬಟ್ಟೆ ಜೋಡ್ಸು ಅಂದಳು. ಅವಳ ಮನೆಯಲ್ಲಿ ನಿನಗೆಂದೇ ಒಂದು ಕೋಣೆ, ಓದುವ ಮೇಜು, ಆಡಲು ತೋಟ. ನನ್ನ ಹತ್ತಿರ ಏನಿತ್ತು? ಅಕ್ಕ ಹೇಳುವುದು ಸರಿ, ಮಗು ಅಲ್ಲಿ ಚೆನ್ನಾಗಿರುತ್ತದೆ ಎಂದೇ ನನಗೂ ಅನ್ನಿಸಿತು. ಆಯ್ತಕ್ಕ, ತಿಂದ್ಕೊಂಡ್ ಹೋಗ್ಲಿ ಅಂತ ಗೋಡೆ ಕಡೆ ತಿರುಗಿ ಕೋಳಿ ಒರೆಸುತ್ತಾ ನಿಂತೆ.

ನೀನು ಡ್ರಮ್ಮಿನ ಮೇಲಿಂದ ಇಳಿಯಲೇ ಇಲ್ಲ. ದೊಡ್ಡಮ್ಮ, ನಾನ್ ಬರಕ್ಕಾಗಲ್ಲ ಅಂದೆ. ಯಾಕೇ ಅಂತ ಅವಳು ಕಣ್ಣು ಬಿಟ್ಟಳು. ಮಾವನಿಗೆ ಎಣ್ಣೆ ಕಾದಿದ್ದು ಗೊತ್ತಾಗಲ್ಲ. ಉಪ್ಪು ಹಾಕಿದ್ದು ಮರೀತಾನೆ, ಇನ್ನೊಂದ್ಸಲ ಹಾಕ್ತಾನೆ. ನಾನ್ ಇಲ್ದಿದ್ರೆ ಕೆಟ್ಟುಹೋಗ್ತಾನೆ, ಅಂದೆ. ಅಷ್ಟು ಹೇಳಿ ನನ್ನ ಕಡೆ ತಿರುಗಿ, ಮಾವ, ಎಣ್ಣೆ ಕಾದಿದೆ, ನೋಡ್ತಾ ನಿಂತಿದೀಯಲ್ಲ, ಬಿಡು! ಅಂತ ಗದರಿದೆ. ಹೆಡ್‌ಮಿಸ್ಟ್ರೆಸ್ಸಿನ ಮುಂದೆ ನನ್ನನ್ನು ಗದರಿದ ಗಂಡೆದೆ ನಿನ್ನದು. ದೊಡ್ಡಕ್ಕ ಕೈಚೀಲ ಕೆಳಗಿಟ್ಟಳು. ಕೂತು ತಿಂದಳು, ಇನ್ನೆರಡು ಹಾಕಿಸಿಕೊಂಡು ತಿಂದಳು. ಹೊರಡುವಾಗ ಮೆಟ್ಟಿಲ ಹತ್ತಿರ ಸೀರೆಯ ಸೆರಗಿನಿಂದ ಕೈ ಒರೆಸಿಕೊಳ್ಳುತ್ತಾ, ಇರ್ಲಿ ಬಿಡೋ, ನಿನ್ನನ್ನ ನೋಡ್ಕೊಳ್ಳೋಕೂ ಒಬ್ರು ಬೇಕಲ್ಲ ಅಂದಳು.

ಕೋಳಿ ಅಂಗಡಿ ಅಷ್ಟು ಹೊತ್ತಿಗೆ ಬಣ್ಣವಾಗಿ ಬಾಗಿಲು ತೆರೆದು ಎಷ್ಟೋ ಕಾಲವಾಗಿತ್ತು, ಗಮನಿಸಿದ್ದೀಯಾ? ನೀನು ಮತ್ತೆ ಅಲ್ಲಿಗೆ ಹೋಗೋಣ ಎಂದು ಕೇಳಲೇ ಇಲ್ಲ. ನನ್ನ ಕೋಳಿ ಅಂಗಡಿಯದಕ್ಕಿಂತ ಚೆನ್ನಾಗಿತ್ತು, ಅದರಲ್ಲಿ ಅನುಮಾನ ಬೇಡ. ಆದರೆ ನೀನು ಮನೆಯಲ್ಲಿ ಉಣ್ಣಲು ಶುರುಮಾಡಿದ್ದು ಅದು ಚೆನ್ನಾಗುವುದಕ್ಕೆ ಮುಂಚೆಯೇ. ಕೆಟ್ಟುಹೋಗಿದ್ದನ್ನು ಸರಿಮಾಡುವ ಕೆಲಸ ನಿನ್ನದಾದ ದಿನವೇ ನಿನಗೆ ಹಸಿವಾಯಿತು. ಅದು ನನ್ನ ತಲೆಗೆ ಹೋದದ್ದೇ ತಡ, ವಾರ ವಾರವೂ ಏನಾದರೂ ಒಂದು ತಪ್ಪು ಮಾಡುತ್ತಿದ್ದೆ. ಒಂದು ವಾರ ಒರೆಸುವುದು ಮರೆತೆ, ಒಂದು ವಾರ ಮೈದಾದ ಬದಲು ಸುಣ್ಣದ ಪುಡಿಯ ಡಬ್ಬಕ್ಕೇ ಕೈ ಹಾಕಿದೆ, ನೀನು ಕಿಟಾರೆಂದು ಕಿರುಚಿದೆ. ಅವುಗಳಲ್ಲಿ ಬೇಕೆಂದೇ ಮಾಡಿದ್ದೆಷ್ಟು, ನಿಜವಾಗಿ ಮಾಡಿದ್ದೆಷ್ಟು ಎಂದು ಈಗ ಕೆದಕಬೇಡ. ಎಲ್ಲವೂ ಬೇಕೆಂದೇ ಎಂದು ಇಟ್ಟುಕೊ.

ಈಗ ನಿನ್ನ ಮನೆ ನೋಡು. ನೀನು ಅಡುಗೆಮನೆಯ ಬಾಗಿಲು ಹಾಕಿಕೊಂಡು ಒಳಗೊಳಗೇ ಒದ್ದಾಡುತ್ತೀಯ. ಸುಟ್ಟದ್ದು, ಬಿಟ್ಟುಕೊಂಡದ್ದು ಯಾರಿಗೂ ಕಾಣಬಾರದು. ಆಮೇಲೆ ತಟ್ಟೆ ಜೋಡಿಸಿ, ಮುಖ ಒರೆಸಿಕೊಂಡು, ತಂದು ಆ ಹುಡುಗಿಯ ಮುಂದಿಟ್ಟು ಕೈ ಕಟ್ಟಿ ನಿಲ್ಲುತ್ತೀಯ, ಜಡ್ಜಿನ ಮುಂದೆ ಕಳ್ಳ ನಿಂತ ಹಾಗೆ. ತೀರ್ಪು ಕೊಡುವುದು ಬಿಟ್ಟರೆ ಅವಳಿಗೆ ಆ ಮನೆಯಲ್ಲಿ ಬೇರೆ ಯಾವ ಕೆಲಸ ಉಳಿಸಿದ್ದೀಯ ಹೇಳು? ಕೊಡುತ್ತಾಳೆ, ಎದ್ದು ಹೋಗುತ್ತಾಳೆ. ಬಾಗಿಲು ತೆಗೆದಿಡೇ. ಹಿಟ್ಟು ಚೆಲ್ಲು. ಅಯ್ಯೋ, ಇದ್ಯಾಕೆ ಹೀಗಾಯ್ತು ಅಂತ ಗಟ್ಟಿಯಾಗಿ ಗೋಳಾಡು. ಅಮ್ಮ ಎಂದು ಕರೆಯಲಿ ಎಂದು ಕಾಯಬೇಡ, ಕರೆಯದಿದ್ದರೂ ಹೊಟ್ಟೆ ತುಂಬುತ್ತದೆ. ನೀನು ನನ್ನನ್ನು ಅಪ್ಪ ಎಂದು ಕರೆದೆಯಾ? ಇಲ್ಲ. ಅದರಿಂದ ನನಗೆ ಏನು ಕಡಿಮೆಯಾಯಿತು? ಊರಿಗೆಲ್ಲ ಅಪ್ಪಂದಿರಿದ್ದಾರೆ, ಬಣ್ಣದ ಮಾವ ಇದ್ದದ್ದು ನಿನಗೊಬ್ಬಳಿಗೇ.

ಅಜ್ಜಿಯ ಮನೆ ಒಳ್ಳೆಯದೇ ಇರಬಹುದು. ಕೋಣೆ, ಮೇಜು, ತೋಟ ಎಲ್ಲ ಇರಬಹುದು. ಆದರೆ ಅವಳು ಇಲ್ಲದಿದ್ದರೆ ಕೆಟ್ಟುಹೋಗುವವರು ಅಲ್ಲಿ ಯಾರೂ ಇಲ್ಲ. ನಿನ್ನ ಮನೆಯಲ್ಲಿ ಇದ್ದಾರೆ. ಅದು ಅವಳಿಗೆ ಗೊತ್ತಾಗಲಿ, ಸಾಕು.

ಮಲಗುವ ಹೊತ್ತು ಮೀರಿತು, ಕೈ ನೋಯುತ್ತಿದೆ. ಇಷ್ಟು ಚೆಂದದ ಅಕ್ಷರವನ್ನು ಇಷ್ಟು ಉದ್ದಕ್ಕೆ ಇಡೀ ಜಿಲ್ಲೆಯಲ್ಲಿ ಬೇರೆ ಯಾರೂ ಬರೆಯಲಾರರು. ಅಳಿಯಂದಿರಿಗೆ ನನ್ನ ನೆನಪು ಹೇಳು. ಕಳಿಸಿದ ಕನ್ನಡಕ ಹಾಕಿಕೊಂಡರೆ ನನಗೇ ನಾನು ಕಲೆಕ್ಟರ್ ಥರ ಕಾಣುತ್ತೇನೆ ಎಂದೂ ಹೇಳು.

ನಿನ್ನ ಕೂಲಿಯಾಳು,
ಬಣ್ಣದ ಮಾವ

ತಾ.ಕ.: ಕಾಗದ ಮಡಿಸಿದ್ದೆ, ಮತ್ತೆ ಬಿಚ್ಚಿದೆ. ಹೇಳದೆ ಇರಲು ಆಗುತ್ತಿಲ್ಲ. ನಿನ್ನ ಮೆಸೇಜು ಬರುವುದಕ್ಕೆ ಹಿಂದಿನ ದಿನ ನನಗೆ ಒಂದು ಫೋನು ಬಂದಿತ್ತು. ಫ್ರಿಜ್ಜಿನ ಬಾಗಿಲಿಗೆ ನೀನು ಅಂಟಿಸಿರುವ ನಂಬರಂತೆ. ನನ್ನನ್ನು ತಾತ ಅಂದಳು! ನನ್ನ ಕೂದಲು ಒಂದಾದರೂ ಬೆಳ್ಳಗಿರುವುದನ್ನು ನೋಡಿದ್ದಾಳಾ ಅವಳು? ಇರಲಿ, ಅದನ್ನು ಆಮೇಲೆ ವಿಚಾರಿಸುತ್ತೇನೆ. ಕೇಳಿದ್ದು ಏನು ಗೊತ್ತಾ? ತಾತ, ಇವರಿಗೆ ಕೋಳಿ ಕರಿಯೋಕೆ ಬರಲ್ಲ. ಸುಟ್ಟಿದ್ದನ್ನೆಲ್ಲ ಸಿಂಕ್ ಹತ್ರ ನಿಂತ್ಕೊಂಡು ಇವರೇ ತಿಂತಾರೆ, ನಾನ್ ನೋಡಲ್ಲ ಅಂದ್ಕೊಂಡಿದಾರೆ. ಮಣಿಕಟ್ಟಿನ ಮೇಲೆ ಎಣ್ಣೆ ಬೇರೆ ಸಿಡಿಸ್ಕೊಂಡಿದಾರೆ. ನಂಗ್ ಹೇಳ್ಕೊಡಿ, ಬರೋ ಶನಿವಾರ ಇವರು ಕೆಲಸದಿಂದ ಬರೋದ್ರೊಳಗೆ ನಾನೇ ಮಾಡಿಡ್ತೀನಿ, ಅಂತ. ಯಾರಿಗೂ ಬಾಯಿ ಬಿಡುವುದಿಲ್ಲ ಎಂದು ಮಾತು ಕೊಟ್ಟಿದ್ದೇನೆ. ಬಾಯಿ ಬಿಟ್ಟಿಲ್ಲ, ಬರೆದಿದ್ದೇನೆ ಅಷ್ಟೇ.

ಅವಳಿಗೆ ಎಲ್ಲ ಹೇಳಿಕೊಟ್ಟೆ, ಒರೆಸುವುದು ಒಂದನ್ನು ಬಿಟ್ಟು. ಎರಡನೇ ಕೋಟಿನ ಹಿಟ್ಟಿಗೆ ಮಾಡಬೇಕಾದ ಒಂದು ಕೆಲಸವಿದೆ, ಅದನ್ನು ನಿನಗೆ ಈ ಕಾಗದದಲ್ಲಿ ಬರೆದಿಲ್ಲ. ಮೇಸ್ತ್ರಿಗೆ ಎಲ್ಲ ಗೊತ್ತಾದರೆ ಕೂಲಿಯಾಳಿಗೆ ಬೆಲೆ ಏನು ಎಂದು ಅದನ್ನು ಯಾವಾಗಲೂ ನಿನಗೆ ಬೆನ್ನು ಹಾಕಿಕೊಂಡೇ ಮಾಡುತ್ತಿದ್ದೆ. ಅದನ್ನು ಅವಳಿಗೆ ಹೇಳಿದ್ದೇನೆ. ಅದಿಲ್ಲದೆ ನಿನ್ನದು ಬಿಟ್ಟುಕೊಳ್ಳುವುದಿಲ್ಲ, ಆದರೆ ಅಂಗಡಿಯದರ ಹಾಗೆ ಮುಳ್ಳುಮುಳ್ಳಾಗಿ ಏಳುವುದೂ ಇಲ್ಲ. ಒರೆಸದೆ ಅವಳದು ನಿಲ್ಲುವುದೇ ಇಲ್ಲ. ಶನಿವಾರ ಕೆಲಸದಿಂದ ಸ್ವಲ್ಪ ಬೇಗ ಮನೆಗೆ ಹೋಗು. ಇಬ್ಬರಲ್ಲಿ ಯಾರು ಫೋನು ಮಾಡಿ ಉಳಿದದ್ದು ಹೇಳು ಎಂದು ಪೀಡಿಸಿದರೂ, ಕಿವಿ ಮಂದವಾಗಿದೆ, ಏನೂ ಕೇಳಿಸುತ್ತಿಲ್ಲ ಎಂದು ಇಟ್ಟುಬಿಡುತ್ತೇನೆ.